ಅಗಸಿಯ ಫ್ಲೆಕ್ಸಿನ ಹುಡುಗರು

ಗೋಕಾಕದಿಂದ ಮೂಡಲಗಿಗೆ ಹೋಗುವಾಗಲಿ, ಘಟಪ್ರಭಾದಿಂದ ಹುಕ್ಕೇರಿಯ ಕಡೆ ಹೊರಳುವಾಗಲಿ, ಯಾವ ಊರಿನ ಅಗಸಿಯ ಮುಂದೆ ನಿಂತರೂ ಒಂದು ಫ್ಲೆಕ್ಸ್ ಕಾಣುತ್ತದೆ. ಮೇಲ್ಗಡೆ ನಾಯಕರ ಫೋಟೊ. ನಡುವೆ ಹುಟ್ಟುಹಬ್ಬದ ಹುಡುಗ. ಕಪ್ಪು ಕನ್ನಡಕ, ಬಿಳಿ ಅಂಗಿ, ಕೈಯಲ್ಲಿ ಫೋನು, ಬೆನ್ನ ಹಿಂದೆ ಕಂಪ್ಯೂಟರಿನಲ್ಲಿ ಸೇರಿಸಿದ ಸಿಂಹ. ಕೆಳಗೆ ‘ಶುಭ ಕೋರುವವರು’ ಎಂದು ಗೆಳೆಯರ ಮುಖಗಳ ಸಾಲು. ಹುಡುಗನ ವಯಸ್ಸು ಬಹಳವೆಂದರೆ 20. ಅವನು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿರಬಹುದು, ಐಟಿಐ ಅರ್ಧಕ್ಕೆ ಬಿಟ್ಟಿರಬಹುದು, ಡಿಗ್ರಿ ಮುಗಿಸಿ ಪೊಲೀಸ್ ಪರೀಕ್ಷೆಗೋ ಮಿಲಿಟರಿ ಭರ್ತಿಗೋ ತಯಾರಿ ನಡೆಸಿರಬಹುದು. ವರ್ಷದ ಉಳಿದ ದಿನಗಳಲ್ಲಿ ಅವನನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಈ ನಾಲ್ಕು ದಿನ ಮಾತ್ರ ಬಸ್ಸಿನಲ್ಲಿ ಹೋಗುವವರೂ ನೋಡುತ್ತಾರೆ.

ಈ ಫ್ಲೆಕ್ಸುಗಳನ್ನು ಕಂಡು ಬೈಯುವವರೇ ಹೆಚ್ಚು. ‘ಹುಡುಗ್ರು ಕೆಟ್ಟು ಹೋದ್ವು, ಮೊಬೈಲ್ ಬಂದು ಕೆಟ್ವು’ ಎಂಬ ಮಾತು ಚಹಾದಂಗಡಿಯಲ್ಲಿ, ಮದುವೆ ಮಂಟಪದಲ್ಲಿ, ಸಾಲಿಯ ಪಾಲಕರ ಸಭೆಯಲ್ಲಿ ಒಂದೇ ರಾಗದಲ್ಲಿ ಕೇಳುತ್ತದೆ. ಮೊಬೈಲು ಮಾಡುತ್ತಿರುವ ಕೇಡು ಸುಳ್ಳಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಅದಕ್ಕೂ ಮೊದಲು ಊರೇ ಉತ್ತರ ಹೇಳಬೇಕಾದ ಪ್ರಶ್ನೆಯೊಂದಿದೆ. ಈ ಹುಡುಗನಿಗೆ ‘ನೀನು ಬೇಕಾದವನು’ ಎಂದು ಊರು ಯಾವಾಗ, ಎಲ್ಲಿ, ಹೇಗೆ ಹೇಳಿದೆ? ಹರೆಯದವರು ತಮ್ಮನ್ನು ಮನ್ನಿಸುವವರ ಕಡೆಗೆ ಹೋಗುತ್ತಾರೆ, ಅವರಂತೆ ಮಾತಾಡುತ್ತಾರೆ, ಅವರಂತೆ ಬಟ್ಟೆ ತೊಡುತ್ತಾರೆ. ಈ ಊರುಗಳಿರುವ ಅರಭಾವಿ ಸೀಮೆಯ ನೂರು ವರ್ಷಗಳ ಕಥೆಯಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ.

ಪಾರಿಜಾತದ ತಾಲೀಮು

ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಕುಲಗೋಡ ಎಂಬ ಊರಿನ ಹೆಸರು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಉಳಿದಿರುವುದು ತಮ್ಮಣ್ಣನಿಂದ. ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ಹಳ್ಳಿಹಳ್ಳಿಯ ಕಟ್ಟೆಗೆ ತಂದು, ಜನರ ನಾಲಗೆಗೆ ಒಗ್ಗಿಸಿ, ರಾತ್ರಿಯಿಡೀ ಕೂತು ನೋಡುವ ಆಟ ಮಾಡಿದವನು ಕುಲಗೋಡ ತಮ್ಮಣ್ಣ. ಪಕ್ಕದ ಕೌಜಲಗಿಯ ನಿಂಗಮ್ಮ ಆ ಆಟದಲ್ಲಿ ಹೆಸರಾದ ಕಲಾವಿದೆ. ಹೆಣ್ಣುಮಗಳೊಬ್ಬಳು ರಂಗಕ್ಕೆ ಬರುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಅವಳ ಹೆಸರು ಹೇಳಿದರೆ ಬಂಡಿ ಕಟ್ಟಿಕೊಂಡು ಜನ ಬರುತ್ತಿದ್ದರು.

ಕೃಷ್ಣ ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಇಷ್ಟೇ ಕಥೆ. ಆದರೆ ಈ ಕಥೆಯ ನೆವದಲ್ಲಿ ಹರೆಯದವರು ಕಲಿಯುತ್ತಿದ್ದದ್ದು ಬಹಳ. ಪ್ರೀತಿ, ಮುನಿಸು, ಗರ್ವ, ಗರ್ವ ಇಳಿಯುವ ಬಗೆ, ಹೆಣ್ಣು ಗಂಡಿಗೆ ಎದುರಾಡುವ ಮಾತು, ದೇವರನ್ನೇ ಗೇಲಿ ಮಾಡುವ ಧೈರ್ಯ ಎಲ್ಲವೂ ಅಲ್ಲಿದ್ದವು. ಎಲ್ಲವನ್ನೂ ಎಲ್ಲರ ಎದುರಿಗೇ, ಅಪ್ಪ ಅವ್ವ ಕಾಕಾ ಮಾಮಾ ಕೂತಿರುವಾಗಲೇ ಕಲಿಯುವುದು. ಪಾತ್ರ ಸಿಗಬೇಕಾದರೆ ತಿಂಗಳುಗಟ್ಟಲೆ ತಾಲೀಮು. ತಾಳ ತಪ್ಪಿದರೆ ಭಾಗವತನ ಬೈಗುಳ. ಚೆನ್ನಾಗಿ ಹಾಡಿದರೆ ಮರುದಿನ ಬಾವಿಕಟ್ಟೆಯಲ್ಲಿ ಅದೇ ಮಾತು.

ನಾಟಕವೂ ಹೀಗೆಯೇ. ಈ ಭಾಗದ ಜಾತ್ರೆಯಲ್ಲಿ ಊರ ಹುಡುಗರೇ ಕಟ್ಟಿ ಆಡುವ ಸಾಮಾಜಿಕ ನಾಟಕ ಇನ್ನೂ ಪೂರ್ತಿ ನಿಂತಿಲ್ಲ. ಪೇಟಿ ಮಾಸ್ತರರನ್ನು ಗೊತ್ತು ಮಾಡಿ, ಹೆಣ್ಣು ಪಾತ್ರಕ್ಕೆ ಹೊರಗಿನ ಕಲಾವಿದೆಯರನ್ನು ಕರೆಸಿ, ಪ್ರತಿ ಪಾತ್ರಧಾರಿಯ ಫೋಟೊ ಹಾಕಿ ಹ್ಯಾಂಡ್‌ಬಿಲ್ ಅಚ್ಚು ಹಾಕಿಸುತ್ತಾರೆ. ಈ ಹ್ಯಾಂಡ್‌ಬಿಲ್ಲಿನಲ್ಲಿ ಮುಖ ಬರಬೇಕೆಂಬ ಆಸೆ ಮತ್ತು ಇಂದಿನ ಫ್ಲೆಕ್ಸಿನ ಆಸೆ ಒಂದೇ. ವ್ಯತ್ಯಾಸ ಇಷ್ಟೇ: ಹ್ಯಾಂಡ್‌ಬಿಲ್ಲಿನಲ್ಲಿ ಮುಖ ಬರುವ ಮೊದಲು ಹುಡುಗ ಏನನ್ನಾದರೂ ಕಲಿತಿರಬೇಕಿತ್ತು.

ಘಟಪ್ರಭೆಯ ದಂಡೆಯ ಘೋಡಗೇರಿ, ಹುಕ್ಕೇರಿ ತಾಲ್ಲೂಕಿನ ಊರು. 1937ರಲ್ಲಿ ಅಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಡತನದಿಂದ ಸಾಲಿ ಬಿಡುವ ಹಂತಕ್ಕೆ ಬಂದಿದ್ದರು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಓದಿನ ಖರ್ಚು ಹೊತ್ತರು. ಕಂಬಾರರ ಕೃತಿಗಳ ಶಿವಾಪುರ, ಅವರ ಜೋಕುಮಾರಸ್ವಾಮಿ ನಾಟಕ, ಅವರ ಬಯಲಾಟದ ಕುಣಿತ ಎಲ್ಲ ಈ ನೆಲದಲ್ಲಿ ಕೇಳಿದ್ದು, ಕಂಡದ್ದು. ಅವರಿಗೆ 2010ನೇ ಸಾಲಿನ ಜ್ಞಾನಪೀಠ ಬಂದಾಗ ಇಡೀ ಸೀಮೆ ಹೆಮ್ಮೆಪಟ್ಟಿತು. ಹೆಮ್ಮೆಪಡಬೇಕಾದ್ದು ಇನ್ನೊಂದಿದೆ. ಹಾಡು ಕಟ್ಟುವ ಬಡ ಹುಡುಗನೊಬ್ಬನನ್ನು ಒಬ್ಬ ಹಿರಿಯರು ಸಕಾಲದಲ್ಲಿ ಗುರುತಿಸಿದರು. ಪ್ರತಿಭೆಯ ಬಗ್ಗೆ ಬಹಳ ಮಾತಾಡುತ್ತೇವೆ, ಗುರುತಿಸುವ ಕಣ್ಣಿನ ಬಗ್ಗೆ ಕಡಿಮೆ.

ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ‘ಆನಂದಕಂದ’ರಾಗಿ, ‘ಜಯಂತಿ’ ಮಾಸಪತ್ರಿಕೆ ನಡೆಸಿ, ಹಳ್ಳಿಯ ಆಡುಮಾತಿನ ಲಯವನ್ನು ಅಚ್ಚಿನ ಕನ್ನಡಕ್ಕೆ ತಂದರು. ಮಲಾಮರಡಿಯ ಬಸವರಾಜ ಕಟ್ಟೀಮನಿ ಇಪ್ಪತ್ತರ ಹರೆಯದಲ್ಲಿ ಚಲೇಜಾವ್ ಚಳವಳಿಗೆ ಬಿದ್ದು ಜೈಲು ಕಂಡರು, ಪತ್ರಿಕೆಗಳಲ್ಲಿ ದುಡಿದರು, ‘ಮಾಡಿ ಮಡಿದವರು’ ಬರೆದರು. ಆ ಕಾಲದ ಹುಡುಗನಿಗೆ ಪತ್ರಿಕೆಯೇ ದೊಡ್ಡ ಮಾಧ್ಯಮ. ಒಬ್ಬ ಓದಿದ್ದನ್ನು ಹತ್ತು ಜನ ಕೂತು ಕೇಳುತ್ತಿದ್ದರು, ಕೇಳಿದ ಮೇಲೆ ಜಗಳವಾಡುತ್ತಿದ್ದರು.

ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದೊಂದಿಗೆ ಬೆಸೆದುಕೊಂಡ ಡಾ. ನಾ.ಸು. ಹರ್ಡೀಕರರನ್ನೂ ಇಲ್ಲಿ ನೆನೆಯಬೇಕು. 1923ರಲ್ಲಿ ಅವರು ಕಟ್ಟಿದ ಹಿಂದೂಸ್ತಾನಿ ಸೇವಾದಳ ಹರೆಯದವರನ್ನು ಹಿಡಿದದ್ದು ಭಾಷಣದಿಂದ ಅಲ್ಲ, ಕವಾಯತಿನಿಂದ. ಸಮವಸ್ತ್ರ, ಟೊಪ್ಪಿಗೆ, ಬ್ಯಾಂಡು, ಧ್ವಜವಂದನೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಶಿಸ್ತಿನಿಂದ ದುಡಿದ ಸ್ವಯಂಸೇವಕರಲ್ಲಿ ಎಷ್ಟೋ ಮಂದಿ ಅದಕ್ಕೆ ಮುಂಚೆ ಊರಲ್ಲಿ ಲೆಕ್ಕಕ್ಕೆ ಇಲ್ಲದ ಹುಡುಗರೇ. ಟೊಪ್ಪಿಗೆ ಇಟ್ಟ ಮೇಲೆ ಅವರ ನಡಿಗೆ ಬದಲಾಯಿತು. ಬಟ್ಟೆ, ಹಾಡು, ಒಟ್ಟಿಗೆ ಹೆಜ್ಜೆ ಹಾಕುವುದು ಹರೆಯದ ಮನಸ್ಸನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತವೆ ಎಂಬುದು ಹರ್ಡೀಕರರಿಗೆ ಗೊತ್ತಿತ್ತು. ಇಂದು ಅದು ಜಾಹೀರಾತು ಕಂಪನಿಗಳಿಗೂ ರಾಜಕೀಯ ಪಕ್ಷಗಳಿಗೂ ಅಷ್ಟೇ ಚೆನ್ನಾಗಿ ಗೊತ್ತಿದೆ.

ಅದೇ ಊರು ಕೊಟ್ಟ ಇನ್ನೊಂದು ಹೆಸರು

ಹಳೆಯ ಕಾಲವನ್ನು ಇಷ್ಟು ಹೊಗಳಿ ನಿಲ್ಲಿಸಿದರೆ ದೊಡ್ಡ ಅನ್ಯಾಯವಾಗುತ್ತದೆ. ಪಾರಿಜಾತ ನೋಡಲು ಕೂತಿದ್ದ ಅದೇ ಊರು, ಇನ್ನೂ ಅಕ್ಷರ ಕಲಿಯದ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿತು. ಅದಕ್ಕೆ ಯಾವ ಟಿವಿಯೂ ಬೇಕಿರಲಿಲ್ಲ, ಯಾವ ಫೋನೂ ಬೇಕಿರಲಿಲ್ಲ. ಮನೆಯ ಹಿರಿಯರು, ಜಾತಿಯ ಕಟ್ಟಳೆ, ದೇವಿಯ ಹೆಸರಿನ ಹೆದರಿಕೆ, ಬಡತನ ಸೇರಿಕೊಂಡು ಒಂದು ಮಗುವಿನ ಇಡೀ ಬಾಳು ಏನಾಗಬೇಕೆಂದು ತೀರ್ಮಾನಿಸುತ್ತಿದ್ದವು. ಗೋಕಾಕ, ಹುಕ್ಕೇರಿ, ರಾಯಬಾಗ, ಚಿಕ್ಕೋಡಿ ಎಲ್ಲ ಕಡೆ ಇದು ನಡೆಯಿತು, 1982ರ ನಿಷೇಧ ಕಾಯ್ದೆ ಬಂದ ಮೇಲೂ ಗುಟ್ಟಾಗಿ ನಡೆಯಿತು.

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಮುತ್ತು ಕಟ್ಟಿದಾಗ 7 ವರ್ಷ. ಆ ವಯಸ್ಸಿನಲ್ಲಿ ತಾನು ಯಾರು ಎಂಬುದನ್ನು ಮಗು ತಾನಾಗಿ ಹೇಳಿಕೊಳ್ಳಲಾರದು, ಊರು ಹೇಳಿದ್ದನ್ನೇ ನಂಬುತ್ತದೆ. ಮುಂದೆ ಅವರು ಘಟಪ್ರಭಾದ ‘ಮಾಸ್’ ಎಂಬ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಗೆ ಬಂದರು. 1997ರಲ್ಲಿ ಹುಟ್ಟಿದ ಈ ಸಂಸ್ಥೆಯ ವಿಶೇಷವೆಂದರೆ ಅದನ್ನು ನಡೆಸುವವರು ಈ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳೇ. ಸಂಘ ಕಟ್ಟಿದರು, ಉಳಿತಾಯ ಮಾಡಿದರು, ಮುತ್ತು ಕಟ್ಟುವ ಸುದ್ದಿ ತಿಳಿದರೆ ಹೋಗಿ ತಡೆದರು, ಮನೆ ಮನೆಗೆ ಹೋಗಿ ಮಾತಾಡಿದರು. ತಾವು ಅನುಭವಿಸಿದ್ದನ್ನು ತಮ್ಮ ಬಾಯಿಂದಲೇ ಹೇಳಿದರು. ಇದಕ್ಕಿಂತ ಪರಿಣಾಮಕಾರಿಯಾದ ಮಾಧ್ಯಮ ನನಗೆ ಗೊತ್ತಿಲ್ಲ. 2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು. ಊರು ಏಳನೇ ವಯಸ್ಸಿನಲ್ಲಿ ಕೊಟ್ಟ ಗುರುತನ್ನು ಅವರು ತೆಗೆದುಹಾಕಿ, ಬೇರೆ ಗುರುತು ತಾವೇ ಗಳಿಸಿಕೊಂಡರು.

ದೇವದಾಸಿಯರ ಮಕ್ಕಳ ಕಷ್ಟ ಇನ್ನೊಂದು ಬಗೆಯದು. ಸಾಲಿಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲು ಬಂದಾಗ ಹತ್ತು ವರ್ಷದ ಹುಡುಗ ತಲೆ ತಗ್ಗಿಸಬೇಕಾಗುತ್ತಿತ್ತು. 2025ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯಲ್ಲಿ ಈ ಮಕ್ಕಳ ಗುರುತಿನ ಹಕ್ಕಿಗೆ ಜಾಗ ಸಿಕ್ಕಿದೆ. ಅರ್ಜಿಯ ಒಂದು ಸಾಲು ಒಂದು ಮಗುವನ್ನು ತರಗತಿಯಲ್ಲಿ ಹಿಂದಿನ ಬೆಂಚಿಗೆ ತಳ್ಳಬಲ್ಲದು ಎಂಬುದನ್ನು ಕಾನೂನು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ‘ಹಿಂದಿನ ಕಾಲದ ಹುಡುಗರು ಎಷ್ಟು ಚೆಂದ ಇದ್ದರು’ ಎನ್ನುವವರು ಈ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಮಾತು ನಮ್ಮ ಬಾಯಲ್ಲಿ

1950ರಲ್ಲಿ ಧಾರವಾಡ ಆಕಾಶವಾಣಿ ಬಂತು. ಪಂಚಾಯ್ತಿಯ ರೇಡಿಯೊದಲ್ಲಿ ನಮ್ಮ ಕಡೆಯ ಪದ, ನಮ್ಮ ಕಡೆಯ ಮಾತು ಕೇಳಿದ್ದು ಸಣ್ಣ ಸಂಗತಿಯಲ್ಲ. ಆದರೆ ಸಿನಿಮಾ ಬೇರೆ ಪಾಠ ಹೇಳಿತು. ಅನೇಕ ವರ್ಷಗಳ ಕಾಲ ಕನ್ನಡ ಸಿನಿಮಾದಲ್ಲಿ ಬೆಳಗಾವಿ ಸೀಮೆಯ ಕನ್ನಡ ಆಡುವವನು ನಗಿಸಲು ಬರುವವನು, ಇಲ್ಲವೇ ಏಟು ತಿನ್ನಲು ಬರುವ ದಾಂಡಿಗ. ನಾಯಕನ ಬಾಯಿಗೆ ಆ ಮಾತು ಬರಲಿಲ್ಲ. ಗೋಕಾಕದ ಹುಡುಗ ಬೆಂಗಳೂರಿನ ಹಾಸ್ಟೆಲ್ ಸೇರಿದ ವಾರದಲ್ಲೇ ‘ಹೋಗೂಣ, ಬರ್ರಿ’ ಬಿಟ್ಟು ‘ಹೋಗೋಣ, ಬನ್ನಿ’ ಕಲಿಯುತ್ತಿದ್ದ. ಊರಿಗೆ ಬಂದಾಗ ಎರಡೂ ನಾಲಗೆಗೆ ಸರಿಹೋಗದೆ ಸುಮ್ಮನಾಗುತ್ತಿದ್ದ. ತನ್ನ ಅವ್ವನ ಮಾತಿಗೆ ನಾಚಿಕೊಳ್ಳುವುದನ್ನು ಕಲಿಸುವಷ್ಟು ಬಲ ಪರದೆಗಿದೆ. 1972ರಲ್ಲಿ ಕಂಬಾರರ ‘ಜೋಕುಮಾರಸ್ವಾಮಿ’ ಬೆಂಗಳೂರಿನ ರಂಗವನ್ನು ಗೆದ್ದಾಗ ಈ ಮಾತಿಗೆ ಸಾಹಿತ್ಯದಲ್ಲಿ ಗೌರವ ಬಂತು, ಆದರೆ ಹಾಸ್ಟೆಲಿನ ಕೋಣೆಗೆ ಆ ಗೌರವ ಮುಟ್ಟಲಿಲ್ಲ.

ಅದನ್ನು ಮುಟ್ಟಿಸಿದ್ದು ಫೋನು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆದಾಗ ಅದರಲ್ಲಿ ಮುಖ ತೋರಿಸಿ ರೂಢಿಯಾದ ಹಳ್ಳಿಯ ಹುಡುಗರು ಕೆಲವೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸಿಗೂ ಯೂಟ್ಯೂಬ್ ಶಾರ್ಟ್ಸಿಗೂ ಬಂದು ಸೇರಿದರು. ಅಲ್ಲಿ ಯಾರೂ ಅವರಿಗೆ ಮಾತು ತಿದ್ದಿಕೊಳ್ಳಲು ಹೇಳಲಿಲ್ಲ. ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಟಿವಿಯಲ್ಲಿ ತನ್ನ ಮಾತಿನಲ್ಲೇ ಮಾತಾಡಿ, ತನ್ನ ಬಟ್ಟೆಯಲ್ಲೇ ನಿಂತು ಹಾಡಿ, 2025ರ ಜನವರಿಯಲ್ಲಿ ಬಿಗ್‌ಬಾಸ್ ಗೆದ್ದ. ನಮ್ಮ ನೆರೆಯ ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ‘ನಾ ಡ್ರೈವರಾ’ ಹಾಡಿನಿಂದ ನಾಡಿಗೆಲ್ಲ ಪರಿಚಿತನಾದ, ಅದೇ ವರ್ಷ ಬಿಗ್‌ಬಾಸ್ ಮನೆಗೂ ಹೋದ. ಅರಭಾವಿ, ಕಲ್ಲೋಳಿ, ನಾಗನೂರಿನ ಹುಡುಗರಿಗೆ ಇವರು ದೂರದ ತಾರೆಗಳಲ್ಲ, ಬಸ್ಸಿನಲ್ಲಿ ಹೋಗಿ ಮಾತಾಡಿಸಿ ಬರಬಹುದಾದ ಅಣ್ಣಂದಿರು.

ಇದನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ. ಡ್ರೈವರನ ಕೆಲಸಕ್ಕೆ ಹಾಡೊಂದು ಹುಟ್ಟಿ, ಅದನ್ನು ಬೆಂಗಳೂರಿನ ಮದುವೆಯಲ್ಲೂ ಹಾಕಿ ಕುಣಿದರೆ, ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಗಾಗಿ ರಾತ್ರಿಯಿಡೀ ಟ್ರ್ಯಾಕ್ಟರ್ ಮೇಲೆ ಮಲಗುವ ಹುಡುಗನ ಎದೆ ಸ್ವಲ್ಪ ಅಗಲವಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿ, ಬಾಕ್ಸ್ ಏರಿಸಿ, ಡಿಜೆ ಜಾನಪದ ಹಾಕಿ ಹೊರಡುವ ಆ ಹುಡುಗನಿಗೆ ರಸ್ತೆಯೇ ರಂಗ. ಹಾಗೆ ದನಿ ಏರಿಸಿದಾಗ ಹಿಂದಿನ ವಾಹನದ ಹಾರ್ನು ಕೇಳದೆ ಆಗುವ ಅಪಘಾತಗಳೂ ಈ ರಸ್ತೆಗಳಿಗೆ ಹೊಸವಲ್ಲ.

ಆದರೆ ಹಾಡಿನೊಳಗಿನ ಮಾತನ್ನೂ ಕೇಳಬೇಕು. ಡಿಜೆ ಜಾನಪದದಲ್ಲಿ ಮತ್ತೆ ಮತ್ತೆ ಬರುವ ಕಥೆಯೊಂದಿದೆ. ಹುಡುಗ ಪ್ರೀತಿಸಿದ, ಹುಡುಗಿ ನೌಕರಿ ಇದ್ದವನನ್ನು ಕಟ್ಟಿಕೊಂಡು ಹೋದಳು, ಹುಡುಗ ಕುಡಿದ, ಅವಳಿಗೆ ಶಾಪ ಹಾಕಿದ. ಹಾಡಿನ ತುಂಬ ತಪ್ಪು ಅವಳದೇ. ಹದಿನಾಲ್ಕರ ಹುಡುಗ ಪ್ರೀತಿ ಏನೆಂದು ತಿಳಿಯುವ ಮೊದಲೇ ಮೋಸದ ಕಥೆಯನ್ನು ಬಾಯಿಪಾಠ ಮಾಡಿರುತ್ತಾನೆ. ಸತ್ಯಭಾಮೆ ಮುನಿದರೆ ಕೃಷ್ಣ ಬಾಗಿಲಲ್ಲಿ ನಿಂತು ರಮಿಸುತ್ತಿದ್ದ ಸೀಮೆಯಲ್ಲಿ, ಬೇಡವೆಂದ ಹುಡುಗಿಗೆ ಶಾಪವೇ ಉತ್ತರವಾದದ್ದು ನನಗೆ ನೋವಿನ ಸಂಗತಿ.

ನೋಡಿ ಕಲಿಯುವುದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಹಳೆಯ ಪ್ರಯೋಗವೊಂದಿದೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳನ್ನು ಗುಂಪು ಮಾಡಿದರು. ಕೆಲವರ ಎದುರು ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದರು, ಒದ್ದರು, ಬೈದರು. ಆಮೇಲೆ ಒಬ್ಬೊಬ್ಬರನ್ನೇ ಆಡಲು ಬಿಟ್ಟಾಗ ಆ ಮಕ್ಕಳು ಅದೇ ಏಟು, ಅದೇ ಬೈಗುಳ ತೆಗೆದರು. ಗಂಡಸು ಹೊಡೆದದ್ದನ್ನು ನೋಡಿದ ಗಂಡುಮಕ್ಕಳಲ್ಲಿ ಅದು ಇನ್ನೂ ಹೆಚ್ಚು. ಯಾರೂ ಅವರಿಗೆ ‘ಹೊಡಿ’ ಎಂದು ಹೇಳಿಕೊಟ್ಟಿರಲಿಲ್ಲ. ಕೈಯಲ್ಲಿ ಲಾಂಗು ಹಿಡಿದು ನಡೆದುಬರುವ ನಾಯಕನನ್ನು ನಿಧಾನಗತಿಯಲ್ಲಿ ದಿನಕ್ಕೆ ನೂರು ಸಲ ತೋರಿಸಿದರೆ, ಹುಡುಗ ಜಾತ್ರೆಯಲ್ಲಿ ತಲವಾರ್ ಹಿಡಿದು ರೀಲು ಮಾಡುತ್ತಾನೆ. ಪೊಲೀಸರು ಕರೆದು ಕೂರಿಸಿದಾಗ ‘ಸರ, ಬರೇ ವಿಡಿಯೋಕ್ಕ ರೀ’ ಎನ್ನುತ್ತಾನೆ. ಅವನ ಮಟ್ಟಿಗೆ ಅದು ನಿಜವೇ. ಮಳೆಗಾಲದಲ್ಲಿ ತುಂಬಿ ಬೀಳುವ ಗೋಕಾಕ ಜಲಪಾತದ ಬಂಡೆಯ ತುದಿಗೆ ಹೋಗಿ ನಿಲ್ಲುವವನದೂ ಅದೇ ಮಾತು. ಕೆಳಗೆ 52 ಮೀಟರ್ ಪ್ರಪಾತ.

ಹುಡುಗಿಯರ ಫೋನು, ರೈತ ಹುಡುಗನ ಮದುವೆ

ಇಲ್ಲಿಯವರೆಗೆ ಬರೆದದ್ದರಲ್ಲಿ ಹುಡುಗರೇ ತುಂಬಿದ್ದಾರೆ. ಅಗಸಿಯ ಫ್ಲೆಕ್ಸಿನಲ್ಲೂ ಅಷ್ಟೇ, ಹುಡುಗಿಯರ ಮುಖ ಇರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದ ಹುಡುಗಿಯ ಫೋಟೊ ಸಾಲಿಯ ಕಾಂಪೌಂಡಿಗೆ ಒಂದು ತಿಂಗಳು ತೂಗುತ್ತದೆ, ಆಮೇಲೆ ಅವಳೂ ಕಾಣೆ. 2024ರ ‘ಅಸರ್’ ಶಿಕ್ಷಣ ವರದಿ ದೇಶದ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳ ಕೈಯಲ್ಲಿರುವ ಫೋನಿನ ಬಗ್ಗೆ ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ ಶೇ 36ರಷ್ಟು ಮಂದಿಗೆ ಸ್ವಂತ ಫೋನಿದೆ, ಹುಡುಗಿಯರಲ್ಲಿ ಶೇ 27ರಷ್ಟು ಮಂದಿಗೆ ಮಾತ್ರ. ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗೆ ಫೋನು ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76.

ಅಂಕಿಗಳ ಹಿಂದಿನ ಮನೆಯನ್ನು ನಾವೆಲ್ಲ ಬಲ್ಲೆವು. ಅಣ್ಣನ ಫೋನನ್ನು ಸಂಜೆ ಅರ್ಧ ತಾಸು ಓದಿಗೆಂದು ತಂಗಿಗೆ ಕೊಡುತ್ತಾರೆ, ಪಕ್ಕದಲ್ಲಿ ಅವ್ವ ಕೂತಿರಬೇಕು. ಅವಳು ಹಾಡಿಗೆ ಕುಣಿದು ರೀಲು ಹಾಕಿದರೆ ಮನೆತನದ ಮರ್ಯಾದೆ ಹೋಯಿತು, ಅಣ್ಣ ಹಾಕಿದರೆ ‘ಹುಡುಗ ಚಲೋ ಕುಣಿತಾನ’. ತನ್ನ ಫೋಟೊವನ್ನು ಯಾರೋ ತೆಗೆದು ಹಂಚಿದಾಗ ಹುಡುಗಿ ಮನೆಯಲ್ಲಿ ಹೇಳಲು ಹೆದರುತ್ತಾಳೆ. ಹೇಳಿದರೆ ಮೊದಲು ಕಸಿದುಕೊಳ್ಳುವುದು ಅವಳ ಫೋನನ್ನೇ, ಮರುವಾರ ಕಾಲೇಜು, ಆ ಬಳಿಕ ಮದುವೆಯ ಮಾತು. ಬೆದರಿಸುವವನ ಬಲವೆಲ್ಲ ಅವಳ ಈ ಹೆದರಿಕೆಯಲ್ಲಿದೆ. ಅಪ್ಪ ಅವ್ವ ‘ಏನಾದ್ರೂ ಆದ್ರ ಮದಲ ನಮಗ ಹೇಳವಾ, ನಿನ್ನ ಸಾಲಿ ಬಿಡಸೂದಿಲ್ಲ’ ಎಂದು ಒಂದು ಸಲ ಬಾಯಿಬಿಟ್ಟು ಹೇಳಿದರೆ ಆ ಬಲ ಅರ್ಧ ಮುರಿಯುತ್ತದೆ. ಯಾವ ಆ್ಯಪಿಗೂ ಸಾಧ್ಯವಿಲ್ಲದ ರಕ್ಷಣೆ ಇದು.

ಇನ್ನು ಡಿಜೆ ಹಾಡಿನ ಆ ‘ನೌಕರಿ ಇದ್ದವನ’ ವಿಷಯ. ಉತ್ತರ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಒಂದು ಮಾತು ಕೇಳುತ್ತದೆ: ಒಕ್ಕಲುತನ ಮಾಡುವವನಿಗೆ ಹೆಣ್ಣು ಕೊಡುವುದಿಲ್ಲ. ಹಿಡಕಲ್ ಜಲಾಶಯದ ನೀರು ಬಂದು, ಕಬ್ಬು ಬೆಳೆದು, ಮನೆ ಕಟ್ಟಿಸಿ, ಟ್ರ್ಯಾಕ್ಟರ್ ಕೊಂಡ ಮನೆತನಗಳಲ್ಲೇ ಮೂವತ್ತು ದಾಟಿದ ಗಂಡುಮಕ್ಕಳು ಮದುವೆಯಿಲ್ಲದೆ ಉಳಿದಿದ್ದಾರೆ. ತಮಾಷೆಯೆಂದರೆ ಎನ್ನಲು ನನಗೆ ಬಾಯಿ ಬರುವುದಿಲ್ಲ, ಇದು ದುಃಖದ ಮಾತು: ತಾವೇ ಒಕ್ಕಲಿಗರಾದ ಅಪ್ಪಂದಿರು ತಮ್ಮ ಮಗಳಿಗೆ ಒಕ್ಕಲಿಗ ಬೇಡ ಎನ್ನುತ್ತಾರೆ. ಹೆಣ್ಣುಮಗಳ ಕಡೆಯಿಂದ ನೋಡಿದರೆ ಅವಳಿಗೂ ಕಾರಣಗಳಿವೆ. ಅವ್ವ ಹೊಲದಲ್ಲಿ, ಒಲೆಯ ಮುಂದೆ, ಹಟ್ಟಿಯಲ್ಲಿ ಸವೆದದ್ದನ್ನು ಅವಳು ಕಂಡಿದ್ದಾಳೆ. ದೂರ ಇಡಬೇಕಾದ್ದು ಹುಡುಗಿಯ ಮೇಲಿನ ಆರೋಪವನ್ನು.

ಆದರೆ ಹುಡುಗನ ಕಿವಿಗೆ ಇದು ಹೇಗೆ ಬೀಳುತ್ತದೆ? ಭೂಮಿ, ದುಡಿಮೆ, ರಟ್ಟೆ ಯಾವುದೂ ಲೆಕ್ಕಕ್ಕಿಲ್ಲ ಎಂದು ಊರು ಅವನಿಗೆ ತೀರ್ಪು ಕೊಡುತ್ತದೆ. ಸಾಲಿಯೂ ಕೊಟ್ಟದ್ದು ಅದೇ ತೀರ್ಪು, ‘ಓದದಿದ್ದರೆ ದನ ಕಾಯಲು ಹೋಗು’ ಎಂಬ ಮಾತಿನಲ್ಲಿ. ಕಿತ್ತೂರು ರಾಣಿ ಚನ್ನಮ್ಮನ ಹೆಸರಿನ ತೋಟಗಾರಿಕೆ ಕಾಲೇಜು ಇರುವುದು ಅರಭಾವಿಯಲ್ಲೇ. ರಾಜ್ಯದ ಬೇರೆ ಬೇರೆ ಜಿಲ್ಲೆಯ ಮಕ್ಕಳು ಬಂದು ಇಲ್ಲಿ ಗಿಡ, ಹಣ್ಣು, ಹೂವನ್ನು ಶಾಸ್ತ್ರವಾಗಿ ಓದುತ್ತಾರೆ. ಅದರ ಬೇಲಿಯ ಆಚೆ ಇರುವ ಹುಡುಗನಿಗೆ ಒಕ್ಕಲುತನವೆಂದರೆ ಓದು ತಲೆಗೆ ಹತ್ತದವನ ಪಾಡು. ಮನೆಯಲ್ಲಿ, ಸಾಲಿಯಲ್ಲಿ, ಬೀಗರ ಪಡಸಾಲೆಯಲ್ಲಿ ಸಿಗದ ಮರ್ಯಾದೆ ಅವನಿಗೆ ರೀಲಿನಲ್ಲಿ ಸಿಗುತ್ತದೆ. ಅಲ್ಲಿ ಅವನು ರಾಜ. ಎರಡು ಸಾವಿರ ಜನ ಅವನಿಗೆ ಕೆಂಪು ಹೃದಯ ಒತ್ತಿದ್ದಾರೆ, ಅವರಲ್ಲಿ ಒಬ್ಬರೂ ಅವನ ಹೊಲ ನೋಡಿಲ್ಲ.

ಅವನ ವಿಡಿಯೊ ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂದು ತೀರ್ಮಾನಿಸುವ ಲೆಕ್ಕಾಚಾರ ಎಲ್ಲೋ ದೂರದ ಕಂಪನಿಯದು. ಭಾಗವತ ಬೈದರೆ ಮರುದಿನ ಕೇಳಬಹುದಿತ್ತು: ‘ಕಾಕಾ, ಎಲ್ಲಿ ತಪ್ಪೀನಿ ಹೇಳ್ರಿ.’ ಈ ಲೆಕ್ಕಾಚಾರವನ್ನು ಕೇಳಲು ಬಾಗಿಲಿಲ್ಲ. ಹೋದ ವಾರ ಎರಡು ಸಾವಿರ ಇದ್ದದ್ದು ಈ ವಾರ ಇನ್ನೂರಕ್ಕೆ ಇಳಿದರೆ ಹುಡುಗ ರಾತ್ರಿಯಿಡೀ ಒದ್ದಾಡುತ್ತಾನೆ, ಮುಂದಿನ ಸಲ ಇನ್ನಷ್ಟು ಜೋರು, ಇನ್ನಷ್ಟು ಅಪಾಯದ್ದು ಮಾಡುತ್ತಾನೆ. ಆನ್‌ಲೈನ್ ಆಟದಲ್ಲಿ ದುಡ್ಡು ಹಾಕಿ ಕಳೆದುಕೊಂಡವರ ಮನಸ್ಸೂ ಹೀಗೆಯೇ ಓಡುತ್ತಿತ್ತು. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟಿನಲ್ಲಿ ಬಂದದ್ದು ಒಳ್ಳೆಯದಾಯಿತು, ಕಬ್ಬಿನ ಬಿಲ್ಲು ಬಂದ ವಾರವೇ ಖಾಲಿ ಮಾಡಿಕೊಂಡ ಮನೆಗಳಿಗೆ ಅದು ತಡವಾಯಿತು.

ಗುರ್ಲಾಪುರ ಕ್ರಾಸಿನಲ್ಲಿ

2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಕೂತರು. ಟನ್ನಿಗೆ 3,500 ರೂಪಾಯಿ ಬೇಕು ಎಂಬುದು ಕೂಗು. ಮೊದಲ ದಿನಗಳಲ್ಲಿ ಅದು ಒಂದು ತಾಲ್ಲೂಕಿನ ಸುದ್ದಿ. ಅದನ್ನು ರಾಜ್ಯದ ಸುದ್ದಿ ಮಾಡಿದ್ದರಲ್ಲಿ ಹರೆಯದವರ ಫೋನುಗಳ ಪಾಲು ದೊಡ್ಡದು. ನಿನ್ನೆಯವರೆಗೆ ಟ್ರ್ಯಾಕ್ಟರಿನ ಮುಂದೆ ಕುಣಿದು ವಿಡಿಯೊ ಹಾಕುತ್ತಿದ್ದ ಹುಡುಗರೇ ವೇದಿಕೆಯ ಭಾಷಣವನ್ನು ನೇರ ಪ್ರಸಾರ ಮಾಡಿದರು, ಗೊಬ್ಬರದ ಬೆಲೆ ಎಷ್ಟು, ಕಟಾವಿನ ಕೂಲಿ ಎಷ್ಟು, ಇಳುವರಿಯ ಲೆಕ್ಕ ಹೇಗೆ ಎಂದು ತಮ್ಮ ಮಾತಿನಲ್ಲೇ ಬಿಡಿಸಿ ಹೇಳಿದರು. ಊರೂರಿನಿಂದ ರೊಟ್ಟಿ ಬುತ್ತಿ ಬಂದವು. ವಿದ್ಯಾರ್ಥಿಗಳು ಬಂದರು. ನವೆಂಬರ್ 7ರಂದು ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದು ಘೋಷಿಸಿತು.

ಆ ದಿನಗಳಲ್ಲಿ ‘ರೈತನ ಮಗ’ ಎಂಬ ಮಾತು ಹುಡುಗರ ಸ್ಟೇಟಸ್ಸಿಗೆ ಬಂತು, ಹೆಮ್ಮೆಯಿಂದ ಬಂತು. ಹೆಣ್ಣು ಕೊಡದಿರಲು ಕಾರಣವಾಗಿದ್ದ ಗುರುತೇ ಎದೆಯ ಮೇಲಿನ ಬಿಲ್ಲೆಯಾಯಿತು. ಫೋನು ಅದೇ, ಆ್ಯಪು ಅದೇ, ಹುಡುಗರೂ ಅವರೇ. ಪಕ್ಕದಲ್ಲಿ ಹಿರಿಯರಿದ್ದರು, ಮಾಡಲು ಕೆಲಸವಿತ್ತು, ‘ತಮ್ಮಾ, ನೀ ಚಲೋ ಮಾತಾಡಿದಿ’ ಎನ್ನುವವರಿದ್ದರು. ಅದೇ ನವೆಂಬರಿನಲ್ಲಿ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿದ್ದು, ಆ ವಿಡಿಯೊಗಳೂ ಅಷ್ಟೇ ವೇಗದಲ್ಲಿ ಓಡಿದವು ಎಂಬುದನ್ನೂ ಮರೆಯಲಾಗದು. ಸುಟ್ಟದ್ದು ನಮ್ಮಂಥವರದೇ ಬೆಳೆ, ನಮ್ಮಂಥವರದೇ ಸಾಲದ ಗಾಡಿ.

ಆದ್ದರಿಂದ ಫೋನು ಕಸಿದುಕೊಳ್ಳುವುದರಿಂದ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಸಣ್ಣ ಮಕ್ಕಳ ವಿಷಯ ಬೇರೆ. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಇಲ್ಲವೆಂದಿದೆ, ನಮ್ಮಲ್ಲೂ ಅಂಥ ಕಡಿವಾಣ ಬೇಕೆಂದೇ ನನ್ನ ಮನಸ್ಸು. ಹರೆಯ ದಾಟುತ್ತಿರುವವರಿಗೆ ಮಾತ್ರ ಕಸಿದುಕೊಂಡದ್ದರ ಬದಲಿಗೆ ಕೈಗೆ ಏನನ್ನು ಕೊಡುತ್ತೇವೆ ಎಂದು ಊರು ಕೂತು ಮಾತಾಡಬೇಕು.

ಮಾತಾಡಲು ಸಮಯವಿದೆ. ಜಾತ್ರೆಗೆ ಪಟ್ಟಿ ಎತ್ತುವಾಗ ಡಿಜೆಗೆಂದು ಹಾಕುವ ದುಡ್ಡಿನಲ್ಲಿ ಒಂದು ಪಾಲು ಊರ ಹುಡುಗ ಹುಡುಗಿಯರ ಆಟಕ್ಕೆ ಇರಲಿ. ಕುಲಗೋಡ, ಕೌಜಲಗಿಯ ಸುತ್ತ ಪಾರಿಜಾತದ ಪದ ಬಲ್ಲ ಹಿರಿಯರು ಇನ್ನೂ ಇದ್ದಾರೆ, ಕರೆದರೆ ಬರುತ್ತಾರೆ. ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಕೋಣೆ ಸಂಜೆ ಹೊತ್ತು ಖಾಲಿ ಇರುತ್ತದೆ. ಒಂದು ಪೇಟಿ, ಒಂದು ಜೋಡಿ ತಬಲಾ, ಏಳರಿಂದ ಒಂಬತ್ತರವರೆಗೆ ತಾಲೀಮು. ಹುಡುಗಿಯರಿಗೆ ಹೊತ್ತು ಮುಳುಗುವ ಮುಂಚೆ, ಮನೆಯವರು ಬಂದು ಕೂರುವಂತೆ. ಹೊರಗಿನ ಕಲಾವಿದೆಯನ್ನು ಕರೆಸದೆ ಸತ್ಯಭಾಮೆಯ ಪಾತ್ರವನ್ನು ಊರ ಹುಡುಗಿಯೇ ಮಾಡಲಿ, ಹ್ಯಾಂಡ್‌ಬಿಲ್ಲಿನಲ್ಲಿ ಅವಳ ಫೋಟೊ, ಅವಳ ಪೂರ್ತಿ ಹೆಸರು ಅಚ್ಚಾಗಲಿ. ಆಟದ ರಾತ್ರಿ ಹುಡುಗರು ಫೋನು ಹೊರತೆಗೆದು ಎಷ್ಟು ಬೇಕಾದರೂ ವಿಡಿಯೊ ಮಾಡಿಕೊಳ್ಳಲಿ.